ಮನೆ ಅವರದು, ನೆಲ ಇನ್ನೊಬ್ಬರದು

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಉತ್ತರ ತುದಿಯಲ್ಲಿ, ಗೂಗಲ್ ಕಂಪನಿಯ ಮುಖ್ಯ ಕಚೇರಿಯ ನೆರೆಯಲ್ಲೇ, ಸ್ಯಾಂಟಿಯಾಗೊ ವಿಲ್ಲಾ ಎಂಬ ಬಡಾವಣೆಯಿದೆ. ಮುನ್ನೂರಕ್ಕೂ ಹೆಚ್ಚು ಮನೆಗಳು ಅಲ್ಲಿ ಒತ್ತೊತ್ತಾಗಿ ಸಾಲುಗಟ್ಟಿವೆ. ಎಲ್ಲವೂ ಕಾರ್ಖಾನೆಯಲ್ಲಿ ತಯಾರಾಗಿ, ಲಾರಿಗೆ ಕಟ್ಟಿಸಿಕೊಂಡು ಹೆದ್ದಾರಿಯಲ್ಲಿ ಬಂದು ಇಳಿದವು. ಅಮೆರಿಕನ್ನರು ಇಂಥ ಬಡಾವಣೆಯನ್ನು ಮೊಬೈಲ್ ಹೋಮ್ ಪಾರ್ಕ್ ಎನ್ನುತ್ತಾರೆ. ಸನ್ನಿವೇಲ್, ಸ್ಯಾನ್ ಹೊಸೆ, ಮೌಂಟನ್ ವ್ಯೂಗಳಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗರು ದಿನವೂ ಕೆಲಸಕ್ಕೆ ಹೋಗುವಾಗ ಇವುಗಳ ಪಕ್ಕದಲ್ಲೇ ಕಾರು ಓಡಿಸುತ್ತಾರೆ. ರಸ್ತೆಯಿಂದ ನೋಡಿದರೆ ಗಿಡಗಳ ಬೇಲಿ, ತಗ್ಗು ಚಾವಣಿ, ಅಂಗಳದಲ್ಲಿ ಒಂದೆರಡು ಹೂಕುಂಡ, ಅಷ್ಟೇ ಕಾಣುವುದು. ಒಳಗಿನ ವ್ಯವಸ್ಥೆ ಮಾತ್ರ ವಿಚಿತ್ರವಾದದ್ದು. ಇಲ್ಲಿರುವವರಲ್ಲಿ ಬಹುಪಾಲು ಜನ ತಮ್ಮ ಮನೆಗೆ ತಾವೇ ಮಾಲೀಕರು. ಮನೆ ಕೂತಿರುವ ನೆಲಕ್ಕೆ ಮಾತ್ರ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಒಕ್ಕಲು.

ಈ ಅರ್ಧ ಮಾಲೀಕತ್ವದಲ್ಲೇ ಎಲ್ಲ ತಾಪತ್ರಯ ಹುಟ್ಟುತ್ತದೆ. ಸಾಮಾನ್ಯ ಬಾಡಿಗೆದಾರನಿಗೆ ಬಾಡಿಗೆ ಹೆಚ್ಚಾದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗುವ ದಾರಿಯಾದರೂ ಇರುತ್ತದೆ. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಂಡವನನ್ನು ಯಾರೂ ಅಲ್ಲಾಡಿಸುವಂತಿಲ್ಲ. ಪಾರ್ಕಿನ ನಿವಾಸಿಗೆ ಈ ಎರಡೂ ಇಲ್ಲ. ಒಮ್ಮೆ ಇಳಿಸಿದ ಮನೆಯ ಕೆಳಗೆ ದಿಮ್ಮಿಗಳನ್ನಿಟ್ಟು, ನೀರು, ಚರಂಡಿ, ವಿದ್ಯುತ್ತಿನ ಸಂಪರ್ಕ ಕೊಟ್ಟು, ಮುಂದೊಂದು ಜಗಲಿ, ಪಕ್ಕದಲ್ಲಿ ಕಾರಿಗೊಂದು ಮಾಡು ಕಟ್ಟಿಕೊಂಡ ಮೇಲೆ ಅದನ್ನು ಕದಲಿಸುವುದು ದುಬಾರಿ ಕೆಲಸ. ಬಿಚ್ಚಿ, ಸಾಗಿಸಿ, ಮತ್ತೆ ಕೂರಿಸಲು ಸಾವಿರಾರು ಡಾಲರ್ ಬೇಕು. ಎರಡು ಭಾಗ ಜೋಡಿಸಿದ ದೊಡ್ಡ ಮನೆಯಾದರೆ ಖರ್ಚು ಹತ್ತು ಸಾವಿರವನ್ನು ಸುಲಭವಾಗಿ ದಾಟುತ್ತದೆ. ಇಂಥ ಮನೆಗಳ ನಿರ್ಮಾಣಕ್ಕೆ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮ ಜಾರಿಗೆ ಬಂದದ್ದು 1976ರ ಜೂನ್‌ನಲ್ಲಿ. ಅದಕ್ಕೂ ಹಿಂದಿನ ಮನೆಗಳನ್ನು ಹೆಚ್ಚಿನ ಪಾರ್ಕುಗಳು ಒಳಕ್ಕೆ ಬಿಟ್ಟುಕೊಳ್ಳುವುದೇ ಇಲ್ಲ. ಅಲ್ಲಾಡಿಸಿದರೆ ಅವು ಮುರಿದು ಬೀಳುವ ಸಂಭವವೂ ಹೆಚ್ಚು. 1992ರಲ್ಲಿ ಯೀ ಮತ್ತು ಎಸ್ಕಾಂಡಿಡೊ ನಗರದ ನಡುವಿನ ಮೊಕದ್ದಮೆಯ ತೀರ್ಪು ಬರೆಯುವಾಗ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ದಾಖಲಿಸಿತು: ಇಂಥ 100 ಮನೆಗಳಲ್ಲಿ ತನ್ನ ಜಾಗ ಬಿಟ್ಟು ಕದಲುವುದು ಸುಮಾರು ಒಂದು ಮಾತ್ರ.

ಸಾಲದ ವಿಷಯದಲ್ಲೂ ಇದೇ ಅನ್ಯಾಯ. ನೆಲ ತನ್ನದಲ್ಲದ್ದರಿಂದ ಮನೆಯನ್ನು ಹಲವು ರಾಜ್ಯಗಳಲ್ಲಿ ವಾಹನದಂತೆ ನೋಂದಾಯಿಸುತ್ತಾರೆ. ಬ್ಯಾಂಕು ಗೃಹಸಾಲ ಕೊಡುವುದಿಲ್ಲ, ಚರಾಸ್ತಿಯ ಮೇಲಿನ ಸಾಲ ಕೊಡುತ್ತದೆ. ಬಡ್ಡಿ ಹೆಚ್ಚು, ಅವಧಿ ಕಡಿಮೆ, ಕಂತು ತಪ್ಪಿದರೆ ಸಿಗುವ ಕಾನೂನಿನ ರಕ್ಷಣೆಯೂ ಕಡಿಮೆ. ಇಷ್ಟಾಗಿಯೂ ಜನ ಇವನ್ನು ಕೊಳ್ಳುವುದಕ್ಕೆ ಕಾರಣ ಸರಳ. ನಿವೇಶನದಲ್ಲೇ ಕಟ್ಟಿದ ಮನೆಗೆ ಹೋಲಿಸಿದರೆ ಚದರಡಿಗೆ ಸುಮಾರು ಅರ್ಧ ಖರ್ಚು. ಸರ್ಕಾರದ ಸಹಾಯಧನವೇ ಇಲ್ಲದೆ ಬಡವರಿಗೆ ದಕ್ಕುವ ಸ್ವಂತ ಮನೆ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಬೇರೆಲ್ಲೂ ಇಲ್ಲ. ಸುಮಾರು 2 ಕೋಟಿ ಜನ ಕಾರ್ಖಾನೆಯಲ್ಲಿ ತಯಾರಾದ ಮನೆಗಳಲ್ಲಿದ್ದಾರೆ. ಅವರಲ್ಲಿ ದೊಡ್ಡದೊಂದು ಪಾಲು ಇಂಥ ಬಾಡಿಗೆ ನೆಲದ ಮೇಲಿದೆ. ನಿವೃತ್ತರು, ಅಂಗವಿಕಲರು, ಹೋಟೆಲು ಮತ್ತು ಕಟ್ಟಡ ಕೆಲಸದವರು, ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದಿಂದ ಬಂದ ವಲಸಿಗ ಕುಟುಂಬಗಳು ಇವರಲ್ಲಿ ಹೆಚ್ಚು.

ನೆಲದ ಬಾಡಿಗೆ ಏರಿದಾಗ ಆಗುವ ನಷ್ಟ ತಿಂಗಳ ಖರ್ಚಿಗೆ ಮುಗಿಯುವುದಿಲ್ಲ. ಉದಾಹರಣೆಗೆ, ಒಬ್ಬ ನಿವೃತ್ತೆಯ ಜಾಗದ ಬಾಡಿಗೆ 700 ಡಾಲರಿನಿಂದ 1,100ಕ್ಕೆ ಏರಿತು ಎಂದುಕೊಳ್ಳಿ. ವರ್ಷಕ್ಕೆ 4,800 ಡಾಲರ್ ಹೆಚ್ಚುವರಿ ಹೊರೆ. ಪಿಂಚಣಿಯಲ್ಲಿ ಅದನ್ನು ನಿಭಾಯಿಸಲಾಗದೆ ಆಕೆ ಮನೆ ಮಾರಲು ಹೊರಟರೆ, ಕೊಳ್ಳುವವನು ಮೊದಲು ಕೇಳುವುದೇ ನೆಲದ ಬಾಡಿಗೆ ಎಷ್ಟೆಂದು. ಏರಿದ ಬಾಡಿಗೆಯಷ್ಟನ್ನೂ ಆತ ಮನೆಯ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಹೀಗೆ ಆಕೆ ದುಡಿದು ಕಟ್ಟಿದ ಕಂತುಗಳ ಬೆಲೆ ಸದ್ದಿಲ್ಲದೆ ನೆಲದ ಮಾಲೀಕನ ಲೆಕ್ಕಕ್ಕೆ ಹೋಗುತ್ತದೆ. ಎಷ್ಟೋ ಜನ ಮಾರಲೂ ಆಗದೆ, ಸಾಗಿಸಲೂ ಆಗದೆ, ಮನೆಯನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ. ಬಿಟ್ಟುಹೋದ ಆ ಮನೆ ಪಾರ್ಕಿನ ಒಡೆಯನ ಕೈಸೇರಿ, ಆತ ಅದನ್ನೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವುದೂ ಉಂಟು.

ಹಣವಂತರು ಇದನ್ನು ಬಹಳ ಹಿಂದೆಯೇ ಅರಿತರು. ಪಾರ್ಕು ಕೊಂಡು ಲಾಭ ಮಾಡುವುದು ಹೇಗೆಂದು ತರಬೇತಿ ಶಿಬಿರ ನಡೆಸುವ ಫ್ರ್ಯಾಂಕ್ ರೋಲ್ಫ್ ಎಂಬ ಹೂಡಿಕೆದಾರ, ಈ ವ್ಯವಹಾರವನ್ನು ಗಿರಾಕಿಗಳನ್ನು ಆಸನಕ್ಕೆ ಸರಪಳಿಯಿಂದ ಬಿಗಿದ ವಾಫಲ್ ಹೌಸ್ ಹೋಟೆಲಿಗೆ ಹೋಲಿಸಿದ್ದು ಅಮೆರಿಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ. ಮೊದಲು ಪಾರ್ಕುಗಳು ಊರಿನ ಯಾವುದೋ ಒಂದು ಕುಟುಂಬದ ಕೈಯಲ್ಲಿರುತ್ತಿದ್ದವು. ಈಗ ಶೇರುಪೇಟೆಯಲ್ಲಿ ನೋಂದಾಯಿತವಾದ ಬೃಹತ್ ಟ್ರಸ್ಟ್‌ಗಳು, ಖಾಸಗಿ ಹೂಡಿಕೆ ನಿಧಿಗಳು ಅವನ್ನು ಸಾಲುಸಾಲಾಗಿ ಕೊಳ್ಳುತ್ತಿವೆ. 2016ರಲ್ಲಿ ಯೆಸ್ ಕಮ್ಯುನಿಟೀಸ್ ಎಂಬ ದೊಡ್ಡ ಪಾರ್ಕು ಕಂಪನಿಯ ಬಹುಪಾಲನ್ನು ಕೊಂಡವರಲ್ಲಿ ಸಿಂಗಾಪುರ ಸರ್ಕಾರದ ಹೂಡಿಕೆ ಸಂಸ್ಥೆ ಜಿಐಸಿ ಒಂದು, ಪೆನ್ಸಿಲ್ವೇನಿಯಾದ ಶಾಲಾ ನೌಕರರ ಪಿಂಚಣಿ ನಿಧಿ ಇನ್ನೊಂದು. ಒಂದು ರಾಜ್ಯದ ನಿವೃತ್ತ ಮೇಷ್ಟರ ಪಿಂಚಣಿ ಬೆಳೆಯಲು ಇನ್ನೊಂದು ರಾಜ್ಯದ ನಿವೃತ್ತರ ನೆಲಬಾಡಿಗೆ ಏರಬೇಕಾದ ಸ್ಥಿತಿ ಇದು. ಇದರಲ್ಲಿ ಆ ಮೇಷ್ಟರ ತಪ್ಪೇನೂ ಇಲ್ಲ. ಹಣಕ್ಕೆ ಕಣ್ಣಿಲ್ಲದಿದ್ದಾಗ ಕಾನೂನಿಗಾದರೂ ಇರಬೇಕು ಎನ್ನುವುದಷ್ಟೇ ನನ್ನ ವಾದ.

ಬಾಡಿಗೆ ಏರಿಕೆಗಿಂತಲೂ ಕ್ರೂರವಾದದ್ದು ಪಾರ್ಕನ್ನೇ ಮುಚ್ಚಿ ನೆಲವನ್ನು ಮಾರುವುದು. ಇದು ಎಲ್ಲಿ ಹೆಚ್ಚು ನಡೆಯುತ್ತದೆ ಎಂಬುದಕ್ಕೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಕಾರ್ಖಾನೆಯ ಕೆಲಸಗಾರರಿಗಾಗಿ, ಆಮೇಲೆ ಕಡಿಮೆ ಆದಾಯದ ಕುಟುಂಬಗಳಿಗಾಗಿ ಈ ಬಡಾವಣೆಗಳು ಹಬ್ಬಿದಾಗ ಅಮೆರಿಕದ ನಗರಗಳು ಇವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಭೂಬಳಕೆ ನಕ್ಷೆಯಲ್ಲಿ ಒಳ್ಳೆಯ ಬಡಾವಣೆಗಳಿಂದ ಇವನ್ನು ಹೊರಗಿಟ್ಟು ಹೆದ್ದಾರಿಯ ಪಕ್ಕ, ರೈಲುಹಳಿಯ ಬದಿ, ನೆರೆ ಬರುವ ತಗ್ಗು, ಕೈಗಾರಿಕೆಯ ಅಂಚು, ಇಂಥ ಕಡೆಗಳಿಗೆ ತಳ್ಳಿದವು. ಎಷ್ಟೋ ಪಾರ್ಕುಗಳ ನೆಲಕ್ಕೆ ನಕ್ಷೆಯಲ್ಲಿ ವಾಣಿಜ್ಯ ಎಂಬ ಬಣ್ಣವೇ ಉಳಿಯಿತು, ಪಾರ್ಕು ತಾತ್ಕಾಲಿಕ ಎಂಬಂತೆ. ಐವತ್ತು ವರ್ಷದಲ್ಲಿ ಊರು ಬೆಳೆದು ಆ ಅಂಚೇ ನಡುಭಾಗವಾಯಿತು. ಆಗ ಬಿಲ್ಡರ್ ಬಂದು ಕೇಳಿದರೆ ವಾಣಿಜ್ಯ ನೆಲವಾದ್ದರಿಂದ ಮಾರಾಟಕ್ಕೆ ಅಡ್ಡಿಯೇ ಇಲ್ಲ. ಸಮಾಜಶಾಸ್ತ್ರಜ್ಞೆ ಎಸ್ತರ್ ಸಲಿವನ್ ಫ್ಲಾರಿಡಾ ಮತ್ತು ಟೆಕ್ಸಸ್‌ನ ಮುಚ್ಚುತ್ತಿರುವ ಪಾರ್ಕುಗಳಲ್ಲಿ ತಾವೇ ವಾಸವಿದ್ದು, ನಿವಾಸಿಗಳ ಜೊತೆ ಎತ್ತಂಗಡಿಯನ್ನು ಅನುಭವಿಸಿ, 2018ರಲ್ಲಿ 'ಮ್ಯಾನುಫ್ಯಾಕ್ಚರ್ಡ್ ಇನ್‌ಸೆಕ್ಯೂರಿಟಿ' ಎಂಬ ಪುಸ್ತಕ ಬರೆದರು. ಒಕ್ಕಲೆಬ್ಬಿಸುವ ದಿನಕ್ಕಿಂತ ಬಹಳ ಹಿಂದೆಯೇ, ನಕ್ಷೆ ಬರೆದ ದಿನವೇ, ಈ ಜನರ ನೆಲೆ ಅಭದ್ರವಾಗಿತ್ತು ಎಂಬುದನ್ನು ಅವರ ಅಧ್ಯಯನ ತೋರಿಸುತ್ತದೆ. ಅಂದರೆ ಇದನ್ನು ಮಾರುಕಟ್ಟೆಯ ಸಹಜ ಗತಿ ಎಂದು ಕೈಚೆಲ್ಲುವುದು ತಪ್ಪು. ನಗರಸಭೆ ಬರೆದದ್ದನ್ನು ನಗರಸಭೆಯೇ ತಿದ್ದಬಹುದು.

ತಿದ್ದುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಪಾಲೊ ಆಲ್ಟೊದ ಬ್ವೇನಾ ವಿಸ್ಟಾ ಪಾರ್ಕಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಊರು ಅದು, ಅಮೆರಿಕದಲ್ಲೇ ಅತ್ಯಂತ ದುಬಾರಿ ನೆಲಗಳಲ್ಲೊಂದು. ಎಲ್ ಕಮೀನೊ ರಿಯಲ್ ರಸ್ತೆಯ ಪಕ್ಕದ ನಾಲ್ಕೂವರೆ ಎಕರೆಯಲ್ಲಿ ನೂರಕ್ಕೂ ಹೆಚ್ಚು ಮನೆ, ಸುಮಾರು 400 ಜನ. ಬಹುತೇಕರು ಲ್ಯಾಟಿನೊ ಕುಟುಂಬಗಳು. ಆ ಊರಿನ ಹೋಟೆಲುಗಳಲ್ಲಿ ಅಡುಗೆ ಮಾಡುವವರು, ತೋಟ ನೋಡಿಕೊಳ್ಳುವವರು, ಮನೆಗೆಲಸದವರು, ವಯಸ್ಸಾದವರ ಆರೈಕೆ ಮಾಡುವವರು. ಮಕ್ಕಳು ಅದೇ ಊರಿನ ಸರ್ಕಾರಿ ಶಾಲೆಗಳಿಗೆ ಹೋಗುತ್ತಿದ್ದರು. ಇಡೀ ರಾಜ್ಯದಲ್ಲಿ ಹೆಸರುವಾಸಿಯಾದ ಶಾಲೆಗಳವು. ಅಲ್ಲಿ ಓದಿಸಬೇಕೆಂದೇ ಕೋಟ್ಯಂತರ ರೂಪಾಯಿ ಬೆಲೆಯ ಮನೆ ಕೊಳ್ಳುವ ಇಂಜಿನಿಯರರಿದ್ದಾರೆ, ನಮ್ಮ ಕಡೆಯವರೂ ಅವರಲ್ಲಿದ್ದಾರೆ. ಬ್ವೇನಾ ವಿಸ್ಟಾದ ಮಕ್ಕಳು ಅದೇ ಬೆಂಚಿನಲ್ಲಿ ಕೂರುತ್ತಿದ್ದದ್ದು ತಮ್ಮ ತಂದೆತಾಯಿ ಆ ನಾಲ್ಕೂವರೆ ಎಕರೆಯಲ್ಲಿ ಜಾಗ ಹಿಡಿದುಕೊಂಡಿದ್ದರಿಂದ.

2012ರಲ್ಲಿ ಮಾಲೀಕ ಕುಟುಂಬ ಪಾರ್ಕು ಮುಚ್ಚುವುದಾಗಿ ಪ್ರಕಟಿಸಿತು. ಬಿಲ್ಡರ್ ಒಬ್ಬರು ಸುಮಾರು 3 ಕೋಟಿ ಡಾಲರ್ ಕೊಟ್ಟು ಐಷಾರಾಮಿ ಅಪಾರ್ಟ್‌ಮೆಂಟ್ ಕಟ್ಟಲು ಮುಂದೆ ಬಂದಿದ್ದರು. ಪಾರ್ಕು ಮುಚ್ಚುವವರು ನಿವಾಸಿಗಳಿಗೆ ಪರಿಹಾರ ಕೊಡಬೇಕೆಂಬ ಸ್ಥಳೀಯ ನಿಯಮವೊಂದು ಪಾಲೊ ಆಲ್ಟೊದಲ್ಲಿ 2001ರಿಂದಲೇ ಇತ್ತು. ಹಾಗಾಗಿ ಜಗಳ ಪರಿಹಾರದ ಮೊತ್ತದ ಸುತ್ತ ಬೆಳೆಯಿತು. ಹಳೆಯ ತಗಡಿನ ಮನೆಗೆ ಎಷ್ಟು ಬೆಲೆ ಕಟ್ಟಬೇಕು? ಶಾಲೆ, ಸುರಕ್ಷತೆ, ಕೆಲಸದ ಜಾಗ ಹತ್ತಿರವಿರುವುದು, ಇವಕ್ಕೆಲ್ಲ ಬೆಲೆ ಉಂಟೋ ಇಲ್ಲವೋ? ನಿವಾಸಿಗಳು ಸಂಘ ಕಟ್ಟಿಕೊಂಡರು, ಸಿಲಿಕಾನ್ ವ್ಯಾಲಿಯ ಕಾನೂನು ನೆರವು ಸಂಸ್ಥೆಯ ವಕೀಲರು ಜೊತೆಗೆ ನಿಂತರು, ಅಕ್ಕಪಕ್ಕದ ಸ್ವಂತ ಮನೆಗಳವರು ಬೆಂಬಲದ ಬಳಗ ಮಾಡಿಕೊಂಡರು. ಈ ಕೊನೆಯದನ್ನು ಒತ್ತಿ ಹೇಳಬೇಕು. ಯಾಕೆಂದರೆ ಪಾರ್ಕಿನ ನೆರೆಹೊರೆಯವರು ಸಾಮಾನ್ಯವಾಗಿ ಪಾರ್ಕು ಹೋಗಲಿ ಎಂದು ಬಯಸುವವರೇ. ಇಷ್ಟೆಲ್ಲ ಆಗಿಯೂ 2015ರಲ್ಲಿ ನಗರಸಭೆ ಪರಿಹಾರದ ಯೋಜನೆಯನ್ನು ಒಪ್ಪಿ ಮುಚ್ಚುವಿಕೆಗೆ ಅನುಮತಿ ಕೊಟ್ಟಿತು. ತನ್ನದೇ ನಿಯಮದಡಿಯಲ್ಲಿ ಬೇರೆ ದಾರಿ ಅದಕ್ಕೆ ಇರಲಿಲ್ಲ. ಅತ್ತ ಮಾಲೀಕರು, ಆ ಪರಿಹಾರವೂ ಅತಿಯಾಯಿತೆಂದು ಕೇಂದ್ರ ನ್ಯಾಯಾಲಯಕ್ಕೆ ಹೋದರು.

ಪಾರ್ಕನ್ನು ಉಳಿಸಿದ್ದು ಸಾರ್ವಜನಿಕ ಹಣ. ನಮ್ಮ ಜಿಲ್ಲೆಯಂತಿರುವ ಸ್ಯಾಂಟಾ ಕ್ಲಾರಾ ಕೌಂಟಿಯ ಚುನಾಯಿತ ಮೇಲ್ವಿಚಾರಕ ಜೋ ಸಿಮಿಟಿಯನ್ ಮುಂದಾಗಿ ಕೌಂಟಿಯಿಂದ ಕೈಗೆಟಕುವ ವಸತಿಗೆಂದು ಮೀಸಲಿಟ್ಟ ಹಣ ತೆಗೆಸಿದರು. ಕೌಂಟಿ 1 ಕೋಟಿ 45 ಲಕ್ಷ ಡಾಲರ್, ನಗರ ಅಷ್ಟೇ ಮೊತ್ತ, ಉಳಿದದ್ದು ಕೌಂಟಿಯ ವಸತಿ ಪ್ರಾಧಿಕಾರ. ಮಾತುಕತೆ ಮುರಿದುಬಿದ್ದರೆ ಭೂಸ್ವಾಧೀನಕ್ಕೂ ಸಿದ್ಧ ಎಂದು ಪ್ರಾಧಿಕಾರ ನಿರ್ಧರಿಸಿದ ಮೇಲೆ, 2017ರಲ್ಲಿ ಸುಮಾರು 4 ಕೋಟಿ ಡಾಲರಿಗೆ ಪಾರ್ಕು ಸಾರ್ವಜನಿಕರ ಕೈಸೇರಿತು. ಐದು ವರ್ಷ ಒಂದು ಸಮುದಾಯ ಮುಂದಿನ ತಿಂಗಳ ಬಗ್ಗೆಯೂ ಭರವಸೆಯಿಲ್ಲದೆ ಬದುಕಿತು. ಆ ಅವಧಿಯಲ್ಲಿ ಕೆಲವರು ಬಿಟ್ಟೇ ಹೋದರು. ನೆಲದ ಬೆಲೆ ಮಾತ್ರ ಒಂದು ಕೋಟಿ ಡಾಲರ್ ಏರಿತ್ತು. ಇದು ಗೆಲುವು ಹೌದು, ಆದರೆ ಎಲ್ಲ ಊರುಗಳೂ ಅನುಸರಿಸಬಹುದಾದ ದಾರಿ ಎಂದು ನನಗೆ ಅನ್ನಿಸುವುದಿಲ್ಲ. ಪಾಲೊ ಆಲ್ಟೊದಷ್ಟು ಶ್ರೀಮಂತವಾದ ಊರು, ಬಲವಾದ ವಕೀಲರು, ಹಟ ಹಿಡಿದ ಚುನಾಯಿತ ಪ್ರತಿನಿಧಿ, ಈ ಮೂರೂ ಒಂದೇ ಕಡೆ ಸೇರುವುದು ಅಪರೂಪ. ಮುಚ್ಚುವ ನೋಟಿಸು ಬಂದ ಮೇಲೆ ಶುರುವಾಗುವ ಕರುಣೆಗಿಂತ, ನೋಟಿಸಿಗೂ ಮೊದಲೇ ಬರೆದಿಟ್ಟ ನಿಯಮ ಹೆಚ್ಚು ಜನರನ್ನು ಕಾಯುತ್ತದೆ.

ಅಂಥ ನಿಯಮಗಳು ಏನೇನಿವೆ? ಇದಕ್ಕೆ ಉತ್ತರ ಸಿಗುವ ಮೊದಲ ಜಾಗ ಅಮೆರಿಕದ ಈಶಾನ್ಯದ ಸಣ್ಣ ರಾಜ್ಯ ನ್ಯೂ ಹ್ಯಾಂಪ್‌ಶೈರ್. 1984ರಲ್ಲಿ ಮೆರೆಡಿತ್ ಎಂಬ ಊರಿನ 13 ಮನೆಗಳ ಪುಟ್ಟ ಪಾರ್ಕೊಂದು ಮಾರಾಟಕ್ಕೆ ಬಂತು. ನಿವಾಸಿಗಳು ಸಹಕಾರ ಸಂಘ ಮಾಡಿಕೊಂಡು, ಆಗಷ್ಟೇ ಹುಟ್ಟಿದ್ದ ಸಮುದಾಯ ಸಾಲನಿಧಿಯೊಂದರ ನೆರವಿನಿಂದ ನೆಲವನ್ನು ತಾವೇ ಕೊಂಡರು. ಬ್ಯಾಂಕುಗಳು ಕೈಯಾಡಿಸಲು ಹಿಂಜರಿದ ವ್ಯವಹಾರ ಅದು. ನಾಡಿನ ಹಾಲಿನ ಡೇರಿ, ಪತ್ತಿನ ಸಂಘಗಳನ್ನು ಕಂಡ ಕನ್ನಡ ಓದುಗರಿಗೆ ಇದರ ರೀತಿ ಬಿಡಿಸಿ ಹೇಳಬೇಕಾಗಿಲ್ಲ: ಮನೆಗೊಂದು ಸದಸ್ಯತ್ವ, ಮನೆಗೊಂದು ಮತ. ನೆಲ ಸಂಘದ್ದು. ತಿಂಗಳ ಬಾಡಿಗೆಯಿಂದ ಸಾಲದ ಕಂತು ತೀರುತ್ತದೆ, ರಸ್ತೆ, ಕೊಳವೆ ದುರಸ್ತಿಯಾಗುತ್ತವೆ. ಬಾಡಿಗೆ ಎಷ್ಟಿರಬೇಕೆಂದು ನಿರ್ಧರಿಸುವುದು ವಾರ್ಷಿಕ ಸಭೆ. ಪಾರ್ಕು ಮಾರುವ ಮುನ್ನ ನಿವಾಸಿಗಳಿಗೆ 60 ದಿನದ ನೋಟಿಸು ಕೊಡಬೇಕು, ಅವರ ಪ್ರಸ್ತಾಪವನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು ಎಂದು ಆ ರಾಜ್ಯ ಕಾನೂನು ಮಾಡಿತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಪಾರ್ಕುಗಳು ನಿವಾಸಿಗಳದೇ ಸ್ವತ್ತು. ಆ ಅನುಭವದ ಮೇಲೆ 2008ರಲ್ಲಿ ಆರ್‌ಒಸಿ ಯುಎಸ್‌ಎ ಎಂಬ ಸಂಸ್ಥೆ ಹುಟ್ಟಿ, ಈಗ ದೇಶದ ಹಲವು ರಾಜ್ಯಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪಾರ್ಕುಗಳು ಈ ಜಾಲದಲ್ಲಿವೆ.

ಇಲ್ಲಿ ನಿರ್ಣಾಯಕವಾದದ್ದು ಸಮಯ. ಹೂಡಿಕೆ ಕಂಪನಿಗೆ ಹಣ ಸಿದ್ಧವಿರುತ್ತದೆ, ವಾರದಲ್ಲಿ ಸಹಿ ಹಾಕಬಲ್ಲದು. ಅಡುಗೆಯವರು, ಚಾಲಕರು, ನಿವೃತ್ತರು ಸೇರಿ ಸಂಘ ನೋಂದಾಯಿಸಿ, ಸಭೆ ನಡೆಸಿ, ನೆಲದ ಬೆಲೆ ಕಟ್ಟಿಸಿ, ಸಾಲ ಹುಡುಕಲು ತಿಂಗಳುಗಳು ಬೇಕು. ಕೊಲರಾಡೊ ರಾಜ್ಯ 2020ರಲ್ಲಿ ನಿವಾಸಿಗಳಿಗೆ 90 ದಿನದ ಅವಕಾಶ ಕೊಟ್ಟು, ಅದು ಸಾಲದೆಂದು ಕಂಡು, 2022ರಲ್ಲಿ 120 ದಿನಕ್ಕೆ ಏರಿಸಿತು. ಮಾಲೀಕನಿಗೆ ಇದರಿಂದ ಒಂದು ಡಾಲರ್ ನಷ್ಟವೂ ಇಲ್ಲ. ನಿವಾಸಿಗಳು ಕೊಡಬೇಕಾದದ್ದು ಮಾರುಕಟ್ಟೆಯ ಬೆಲೆಯೇ. ಆತ ಬಿಟ್ಟುಕೊಡುವುದು ಕೆಲವು ತಿಂಗಳ ಕಾಲವನ್ನು ಮಾತ್ರ. ಒರೆಗಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿವಾಸಿಗಳ ಸಂಘಕ್ಕೋ ಲಾಭರಹಿತ ಸಂಸ್ಥೆಗೋ ಪಾರ್ಕು ಮಾರಿದವರಿಗೆ ಬಂದ ಲಾಭದ ಮೇಲಿನ ರಾಜ್ಯ ತೆರಿಗೆಯನ್ನೇ ಬಿಟ್ಟಿದೆ. ಮಾಲೀಕನನ್ನು ಖಳನಾಯಕನನ್ನಾಗಿ ಮಾಡದೆ ಅವನಿಗೂ ಒಳ್ಳೆಯದಾಗುವ ದಾರಿ ಇದು. ತೀರಾ ಬುದ್ಧಿವಂತಿಕೆಯ ಕಾನೂನು ಎಂದು ನಾನು ಮೆಚ್ಚುವುದು ಇದನ್ನೇ.

ಎರಡನೆಯದು ನಕ್ಷೆ. ಒರೆಗಾನಿನ ಪೋರ್ಟ್‌ಲ್ಯಾಂಡ್ ನಗರ 2018ರ ಆಗಸ್ಟ್‌ನಲ್ಲಿ ತನ್ನ ವ್ಯಾಪ್ತಿಯ ಐವತ್ತಕ್ಕೂ ಹೆಚ್ಚು ಪಾರ್ಕುಗಳನ್ನು ಒಂದು ವಿಶೇಷ ವಲಯಕ್ಕೆ ಸೇರಿಸಿತು. ಅಲ್ಲಿ ಪಾರ್ಕು ಬಿಟ್ಟು ಬೇರೇನನ್ನಾದರೂ ಕಟ್ಟಬೇಕಾದರೆ ನಗರಸಭೆಯ ಮುಂದೆ ಬಹಿರಂಗವಾಗಿ ಕೇಳಿಯೇ ಕಟ್ಟಬೇಕು. ಸ್ಯಾನ್ ಹೊಸೆಯಲ್ಲಿ ಐವತ್ತಕ್ಕೂ ಹೆಚ್ಚು ಪಾರ್ಕುಗಳು, ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿವೆ. ಕ್ಯಾಲಿಫೋರ್ನಿಯಾದ ಬೇರೆ ಯಾವ ನಗರದಲ್ಲೂ ಇಷ್ಟಿಲ್ಲ ಎನ್ನುತ್ತಾರೆ. ಆ ನಗರವೂ 2020ರಲ್ಲಿ ತನ್ನ ಯೋಜನೆಯಲ್ಲಿ ಮೊಬೈಲ್ ಹೋಮ್ ಪಾರ್ಕ್ ಎಂಬ ಪ್ರತ್ಯೇಕ ಭೂಬಳಕೆಯನ್ನು ಸೇರಿಸಿತು. ಹೀಗೆ ಮಾಡಿದರೆ ಮಾಲೀಕನ ಆಸ್ತಿಯನ್ನೇ ಕಿತ್ತುಕೊಂಡಂತೆ ಅಲ್ಲವೇ ಎಂಬ ಪ್ರಶ್ನೆ ಕೋರ್ಟು ಹತ್ತಿತ್ತು. ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಎಂಬ ಊರು ಇಂಥ ವಲಯ ರಚಿಸಿದಾಗ ಪಾರ್ಕು ಮಾಲೀಕರು ಮೊಕದ್ದಮೆ ಹೂಡಿದರು. 2012ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಊರಿನ ಪರ ತೀರ್ಪು ಕೊಟ್ಟಿತು. ನೆಲ ಈಗ ಯಾವ ಬಳಕೆಯಲ್ಲಿದೆಯೋ ಅದೇ ಬಳಕೆಯಲ್ಲಿ ಮುಂದುವರಿಯಬೇಕೆನ್ನುವುದು ಸ್ವಾಧೀನವಾಗದು ಎಂಬುದು ಅದರ ತಿರುಳು.

ಬಾಡಿಗೆ ನಿಯಂತ್ರಣದ ಮಾತು ಬಂದರೆ ಎಲ್ಲ ಕಡೆ ಜಗಳವೇಳುತ್ತದೆ. ಸಾಮಾನ್ಯ ಅಪಾರ್ಟ್‌ಮೆಂಟಿನ ಬಾಡಿಗೆಗೆ ಮಿತಿ ಹಾಕಿದರೆ ಹೊಸ ಕಟ್ಟಡ ಕಟ್ಟುವವರು ಹಿಂಜರಿಯುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ಆದರೆ ಪಾರ್ಕಿನ ವಿಷಯ ಬೇರೆ. ಕಟ್ಟಡಕ್ಕೆ ಹಣ ಹಾಕಿದವರು ಇಲ್ಲಿ ನಿವಾಸಿಗಳೇ. ಮಾಲೀಕ ಕೊಟ್ಟಿರುವುದು ನೆಲ ಮತ್ತು ಕೊಳವೆ. ಜೊತೆಗೆ ಹೊಸ ಪಾರ್ಕುಗಳು ಹುಟ್ಟುವುದೇ ಅಪರೂಪವಾದ್ದರಿಂದ ಪೈಪೋಟಿ ಎಂಬುದು ಹೆಸರಿಗೂ ಇಲ್ಲ. ಹಿಂದೆ ಹೇಳಿದ 1992ರ ಎಸ್ಕಾಂಡಿಡೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ, ಪಾರ್ಕಿನ ಬಾಡಿಗೆಗೆ ಮಿತಿ ಹಾಕುವುದು ಮಾಲೀಕನ ನೆಲವನ್ನು ಭೌತಿಕವಾಗಿ ಆಕ್ರಮಿಸಿದಂತೆ ಆಗದು ಎಂದಿತು. ಕ್ಯಾಲಿಫೋರ್ನಿಯಾದ ಹಲವಾರು ನಗರ, ಕೌಂಟಿಗಳಲ್ಲಿ ಇಂಥ ಮಿತಿ ಇದೆ. ಮಾಲೀಕನಿಗೆ ನ್ಯಾಯವಾದ ಪ್ರತಿಫಲ ಸಿಗಲೇಬೇಕು ಎಂಬ ಕಟ್ಟುಪಾಡೂ ಅದರ ಜೊತೆಗಿದೆ. ಮೌಂಟನ್ ವ್ಯೂ ಜನ 2016ರಲ್ಲೇ ಮತ ಹಾಕಿ ಬಾಡಿಗೆ ನಿಯಂತ್ರಣ ತಂದಿದ್ದರೂ, ಅದು ಪಾರ್ಕುಗಳಿಗೆ ಅನ್ವಯವಾಗದು ಎಂದು ಊರಿನ ಸಮಿತಿ ನಿರ್ಧರಿಸಿತು. ಸ್ಯಾಂಟಿಯಾಗೊ ವಿಲ್ಲಾ ಸೇರಿದಂತೆ ಆ ಊರಿನ ಪಾರ್ಕುಗಳ ನಿವಾಸಿಗಳು ವರ್ಷಗಟ್ಟಲೆ ನಗರಸಭೆಯ ಮೆಟ್ಟಿಲು ಹತ್ತಿಳಿದು, 2021ರಲ್ಲಿ ತಮಗೆಂದೇ ಪ್ರತ್ಯೇಕ ಕಾನೂನು ಮಾಡಿಸಿಕೊಂಡರು.

ಪರಿಹಾರದ ಹಣದ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಫ್ಲಾರಿಡಾದಲ್ಲಿ ಸ್ಥಳಾಂತರಕ್ಕೆಂದೇ ರಾಜ್ಯಮಟ್ಟದ ನಿಧಿಯೊಂದಿದೆ, ಆದರೂ ಅಲ್ಲಿ ಪಾರ್ಕುಗಳು ಮುಚ್ಚುತ್ತಲೇ ಇವೆ. 2024ರ ನವೆಂಬರ್‌ನಲ್ಲಿ ಮಯಾಮಿ ಪಕ್ಕದ ಸ್ವೀಟ್‌ವಾಟರ್ ಊರಿನ ಲಿಲ್ ಆ್ಯಬ್ನರ್ ಪಾರ್ಕಿನ ಸುಮಾರು 900 ಮನೆಗಳಿಗೆ ನೋಟಿಸು ಬಂತು. ಕ್ಯೂಬಾ ಮತ್ತು ಮಧ್ಯ ಅಮೆರಿಕದ ಕುಟುಂಬಗಳೇ ಹೆಚ್ಚಾಗಿದ್ದ ಜಾಗ ಅದು. ಜನವರಿ ಮುಗಿಯುವುದರೊಳಗೆ ಜಾಗ ಬಿಟ್ಟರೆ 14,000 ಡಾಲರ್, ತಡಮಾಡಿದಷ್ಟೂ ಕಡಿಮೆ. ಸ್ವಂತ ಮನೆಯಿದ್ದವರ ಕೈಗೆ ಬಂದ ಆ ಹಣ ಮಯಾಮಿಯ ಬಾಡಿಗೆಯಲ್ಲಿ ಒಂದು ವರ್ಷವೂ ಬಾಳುವುದಿಲ್ಲ. ಕ್ಯಾಲಿಫೋರ್ನಿಯಾ 2020ರಲ್ಲಿ ಮಾಡಿದ ತಿದ್ದುಪಡಿ ಇದಕ್ಕಿಂತ ನ್ಯಾಯವಾದದ್ದು. ಮುಚ್ಚುವ ಪಾರ್ಕಿನ ನಿವಾಸಿಗೆ ಇನ್ನೊಂದು ಪಾರ್ಕಿನಲ್ಲಿ ತಕ್ಕ ವಸತಿ ಸಿಗದೇ ಹೋದರೆ, ಮನೆಗೆ ಅದು ನಿಂತಿರುವ ಜಾಗದಲ್ಲೇ ಇರುವ ಮಾರುಕಟ್ಟೆ ಬೆಲೆಯನ್ನು ಕೊಡಬೇಕು. ಕಿತ್ತು ಹಾಕಿದ ತಗಡಿನ ಬೆಲೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮುಚ್ಚುವುದು ದುಬಾರಿಯಾದಷ್ಟೂ ಮುಚ್ಚುವ ಮುನ್ನ ಮಾಲೀಕ ಎರಡು ಸಲ ಯೋಚಿಸುತ್ತಾನೆ ಎಂಬುದು ಇದರ ಇನ್ನೊಂದು ಲಾಭ.

ಎಲ್ಲ ಪಾರ್ಕುಗಳನ್ನೂ ಇದ್ದಂತೆಯೇ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ, ಟಾರೆಸ್ ಮಾರ್ಟಿನೆಜ್ ಬುಡಕಟ್ಟಿನ ಮೀಸಲು ಪ್ರದೇಶದೊಳಗೆ ಒಯಾಸಿಸ್ ಎಂಬ ಪಾರ್ಕಿದೆ. ದ್ರಾಕ್ಷಿ, ಖರ್ಜೂರ, ಮೆಣಸಿನಕಾಯಿ ಕೊಯ್ಯುವ ಕೃಷಿ ಕೂಲಿಗಳು, ಅವರಲ್ಲಿ ಅನೇಕರು ಮೆಕ್ಸಿಕೊದ ಪುರೆಪೆಚಾ ಜನ, ಅಲ್ಲಿ ನೆಲೆಸಿದ್ದರು. ಅಲ್ಲಿಯ ಬಾವಿ ನೀರಿನಲ್ಲಿ ಆರ್ಸೆನಿಕ್ ಪ್ರಮಾಣ ಒಂದು ಹಂತದಲ್ಲಿ ಕೇಂದ್ರದ ಮಿತಿಗಿಂತ ಸುಮಾರು ಹತ್ತು ಪಟ್ಟು ಕಂಡುಬಂತು. 2019ರಿಂದ ಪರಿಸರ ಸಂರಕ್ಷಣಾ ಸಂಸ್ಥೆ ಆದೇಶದ ಮೇಲೆ ಆದೇಶ ಹೊರಡಿಸಿತು. ಜನ ವರ್ಷಗಟ್ಟಲೆ ಬಾಟಲಿ ನೀರಿನಲ್ಲಿ ಅಡುಗೆ ಮಾಡಿದರು. ಇಂಥ ಕಡೆ ಜನರನ್ನು ಅಲ್ಲೇ ಇರಿಸಿಕೊಳ್ಳುವುದು ರಕ್ಷಣೆ ಎನ್ನಿಸದು. ರಾಜ್ಯ 3 ಕೋಟಿ ಡಾಲರ್ ತೆಗೆದಿಟ್ಟು, ಕೌಂಟಿಯ ಮೂಲಕ ಅವರಿಗೆ ಬೇರೆ ವಸತಿ ಕಲ್ಪಿಸಲು ಹೊರಟಿತು. ಒಯಾಸಿಸ್ ತೋರಿಸುವ ಸಂಗತಿ ಬೇರೊಂದಿದೆ: ಪಾರ್ಕಿನ ಕೊಳವೆ, ವಿದ್ಯುತ್ ಕಂಬ, ಚರಂಡಿಗಳು ಕೆಡುತ್ತಿದ್ದರೂ ಯಾರೂ ಕೇಳದಿದ್ದರೆ, ಕೊನೆಗೊಂದು ದಿನ ಆರೋಗ್ಯದ ಹೆಸರಿನಲ್ಲೇ ಜನರನ್ನು ಎಬ್ಬಿಸಬೇಕಾಗುತ್ತದೆ. ಅನೇಕ ಕಡೆ ಮಾಲೀಕರು ದುರಸ್ತಿ ನಿಲ್ಲಿಸಿ ಅದೇ ದಿನಕ್ಕಾಗಿ ಕಾಯುತ್ತಾರೆ. ಆದ್ದರಿಂದ ಪಾರ್ಕು ಉಳಿಸುವ ಕಾನೂನಿನ ಜೊತೆಗೆ ಅದನ್ನು ವಾಸಯೋಗ್ಯವಾಗಿಡುವ ಹಣವೂ ಬೇಕು. ಈ ಕೆಲಸಕ್ಕೆಂದು ಅಮೆರಿಕದ ಸಂಸತ್ತು 2023ರ ಆಯವ್ಯಯದಲ್ಲಿ 22.5 ಕೋಟಿ ಡಾಲರಿನ ಅನುದಾನ ಕಾರ್ಯಕ್ರಮವೊಂದನ್ನು ಮೊದಲ ಬಾರಿಗೆ ತಂದಿತು. ಇಷ್ಟು ದೊಡ್ಡ ದೇಶಕ್ಕೆ ಅದು ಸಣ್ಣ ಮೊತ್ತ.

ಸಿಲಿಕಾನ್ ವ್ಯಾಲಿಯ ಕನ್ನಡಿಗರನ್ನು ಈ ವಿಷಯ ಮುಟ್ಟಬೇಕಾದದ್ದು ಇಲ್ಲಿ. ಆ ಊರುಗಳ ನೆಲದ ಬೆಲೆ ಏರಿದ್ದು ತಂತ್ರಜ್ಞಾನ ಕಂಪನಿಗಳ ಸಂಬಳದಿಂದ. ಆ ಸಂಬಳದಲ್ಲಿ ನಮ್ಮವರ ಪಾಲೂ ಇದೆ. ಯಾರೂ ಬೇಕೆಂದು ಯಾರನ್ನೂ ಎಬ್ಬಿಸಲಿಲ್ಲ ಎಂಬುದು ನಿಜ, ಆದರೂ ಊರಿನ ನೀತಿ ಬರೆಯುವ ಜಾಗದಲ್ಲಿ ದನಿ ಇರುವವರು ಸುಮ್ಮನಿದ್ದರೆ ಅದು ಪಾರ್ಕಿನವರಿಗೆ ವಿರುದ್ಧವಾಗಿಯೇ ಕೆಲಸ ಮಾಡುತ್ತದೆ. ಸ್ವಂತ ಮನೆ ಕೊಂಡವರು ಹೊಸ ಅಪಾರ್ಟ್‌ಮೆಂಟ್ ಬೇಡವೆಂದೋ, ಶಾಲೆಯ ಗಡಿ ಬದಲಾಗಬಾರದೆಂದೋ ನಗರಸಭೆಗೆ ಹೋಗುತ್ತಾರೆ. ಪಾರ್ಕಿನ ಪರವಾಗಿ ಹೋಗುವುದು ವಿರಳ. ಸನ್ನಿವೇಲ್‌ನಲ್ಲಿಯೇ ಹತ್ತಕ್ಕೂ ಹೆಚ್ಚು ಪಾರ್ಕುಗಳಿವೆ. ಅಲ್ಲಿರುವವರಲ್ಲಿ ನಮ್ಮ ಮಕ್ಕಳ ಶಾಲೆಯ ಬಸ್ಸು ಓಡಿಸುವವರು, ಊರಿನಿಂದ ಬಂದ ನಮ್ಮ ಅಪ್ಪ ಅಮ್ಮಂದಿರನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುವ ಸಹಾಯಕರು ಇದ್ದಾರು.

ಕ್ಯಾಲಿಫೋರ್ನಿಯಾದ ಪ್ರತಿ ನಗರವೂ ಎಂಟು ವರ್ಷಕ್ಕೊಮ್ಮೆ ವಸತಿ ಯೋಜನೆಯೊಂದನ್ನು ರಾಜ್ಯಕ್ಕೆ ಒಪ್ಪಿಸಬೇಕು. ಈ ಊರುಗಳಿರುವ ಬೇ ಏರಿಯಾದ ಈಗಿನ ಯೋಜನೆಗಳು 2023ರಿಂದ 2031ರ ವರೆಗಿನವು. ಇದ್ದ ಕೈಗೆಟಕುವ ಮನೆಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಅದರಲ್ಲಿರಬೇಕಾದ ಒಂದು ಭಾಗ. ನಿಮ್ಮ ಊರಿನ ಯೋಜನೆಯ ಆ ಪುಟಗಳನ್ನು ತೆರೆದು ನೋಡಿ. ಪಾರ್ಕುಗಳ ಹೆಸರು ಅಲ್ಲಿದೆಯೇ, ಅವುಗಳ ನೆಲ ನಕ್ಷೆಯಲ್ಲಿ ಯಾವ ವಲಯದಲ್ಲಿದೆ, ಮಾರಾಟಕ್ಕೆ ಬಂದರೆ ನಿವಾಸಿಗಳಿಗೆ ಎಷ್ಟು ದಿನದ ನೋಟಿಸು, ಅದು ಸ್ಪ್ಯಾನಿಷ್‌ನಲ್ಲೂ ಬರುತ್ತದೆಯೇ, ಅವರು ಕೊಳ್ಳಲು ಮುಂದಾದರೆ ಊರಿನ ವಸತಿ ನಿಧಿಯಿಂದ ಸಾಲ ಸಿಗುತ್ತದೆಯೇ. ಈ ಪ್ರಶ್ನೆಗಳನ್ನು ನಗರಸಭೆಯ ಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. 1953ರ ಬ್ರೌನ್ ಕಾಯ್ದೆ ಆ ಸಭೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಎಚ್-1ಬಿ ವೀಸಾದಲ್ಲಿರುವವರಿಗೆ ಮತ ಹಾಕಲು ಬರುವುದಿಲ್ಲ, ಆದರೆ ಆ ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವ ಎರಡು ಮೂರು ನಿಮಿಷ ಮಾತಾಡಲು ಬರುತ್ತದೆ.